ಗುಣಿಸಬೇಕಾ, ಕೂಡಿಸಬೇಕಾ? ಮಗಳಿಗೆ ಹೇಗೆ ಹೇಳಿಕೊಡಲಿ?

ಜಯನಗರದಿಂದ:
ಮಗಳು ಸೆಕೆಂಡ್ ಪಿಯುಸಿ. ಸಂಭವನೀಯತೆಯ ಲೆಕ್ಕ ಬಂದರೆ ಸಾಕು, ಎಲ್ಲಿ ಗುಣಿಸಬೇಕು, ಎಲ್ಲಿ ಕೂಡಿಸಬೇಕು ಅಂತ ತಡವರಿಸುತ್ತಾಳೆ. ಸೂತ್ರವೆಲ್ಲ ಬಾಯಿಪಾಠ. ನಿಮ್ಮ ಮನೆಯಲ್ಲಿ ಹೇಗೆ ಹೇಳಿಕೊಟ್ಟಿರಿ?

ಮಲ್ಲೇಶ್ವರದಿಂದ:
ನಮಗೆ ಚೌಕಾಬಾರ ಕೈ ಹಿಡಿಯಿತು, ಅಕ್ಕ. ನಾಲ್ಕು ಕವಡೆ. ಒಂದು ಹೇಗೆ ಬಿತ್ತು ಅನ್ನೋದು ಇನ್ನೊಂದಕ್ಕೆ ಗೊತ್ತಾಗಲ್ಲ, ಸ್ವತಂತ್ರ ಅಂದರೆ ಅಷ್ಟೇ. ಅಂಗಾತ, ಕವುಚಿ ಎರಡಕ್ಕೂ ಸದ್ಯಕ್ಕೆ ಅರ್ಧರ್ಧ ಅಂತಿಟ್ಟುಕೊಳ್ಳಿ. ನಾಲ್ಕೂ ಅಂಗಾತ ಬಿದ್ದು ಚೌಕ ಆಗಬೇಕಾದರೆ ಅರ್ಧವನ್ನು ನಾಲ್ಕು ಸಲ ಗುಣಿಸಿ, 1/16. ನಾಲ್ಕೂ ಕವುಚಿ ಬಿದ್ದು ಎಂಟು ಆಗುವುದಕ್ಕೂ 1/16. ಚೌಕವೋ ಎಂಟೋ ಯಾವುದಾದರೂ ಸರಿ ಅಂದರೆ? ಒಂದೇ ಸಲಕ್ಕೆ ಎರಡೂ ಬೀಳಲ್ಲ, ಅದಕ್ಕೆ ಕೂಡಿಸಿ, 2/16. ಎರಡು ಬೀಳೋಕೆ ಮಾತ್ರ 6/16, ಯಾಕಂದರೆ ಅಂಗಾತ ಬೀಳುವ ಆ ಜೋಡಿಯನ್ನು ಆರು ಥರ ಆರಿಸಬಹುದು. ಗೆಲ್ಲೋ ಹೊತ್ತಿಗೆ ಬರೀ ಎರಡೇ ಬಿದ್ದು ತಲೆ ಕೆಡೋದು ಇದಕ್ಕೇ!

ನಮ್ಮತ್ತೆ ಕೇಳಿಸಿಕೊಂಡು ನಕ್ಕರು. 'ಕವಡೆ ಎಲ್ಲಿ ಅರ್ಧರ್ಧ ಬೀಳುತ್ತೆ?' ನಿಜ. ಅಂಗಾತ ಬೀಳುವುದು 0.6 ಅಂತಿಟ್ಟರೆ ಚೌಕಕ್ಕೆ 0.1296, ಎಂಟಕ್ಕೆ ಬರೀ 0.0256. ಹದಿನಾರು ಥರ ಎಣಿಸಿ ಭಾಗಿಸುವುದು ಇಲ್ಲಿ ನಡೆಯಲ್ಲ. ಗುಣಾಕಾರ ಮಾತ್ರ ಹಾಗೇ ನಡೆಯುತ್ತದೆ.

ವಿಜಯನಗರದಿಂದ, ಟ್ಯೂಷನ್ ಹೇಳುವವ:
ನನ್ನ ಹುಡುಗರು ಬೀಳುವ ಗುಂಡಿ 'ಕನಿಷ್ಠ ಒಂದಾದರೂ'. ಸಿಇಟಿಯಲ್ಲಿ ನಾಲ್ಕು ಆಯ್ಕೆ, ತಪ್ಪಿಗೆ ಅಂಕ ಕಳೆಯಲ್ಲ. ಏನೂ ಗೊತ್ತಿಲ್ಲದ ಐದು ಪ್ರಶ್ನೆಗೆ ಕಣ್ಣು ಮುಚ್ಚಿ ಗುರುತು ಹಾಕಿದರೆ ಒಂದಾದರೂ ಸರಿಯಾಗುವ ಸಂಭವ ಎಷ್ಟು? ತಟ್ಟನೆ 1/4 ಅನ್ನು ಐದು ಸಲ ಕೂಡಿಸಿ 5/4 ಅನ್ನುತ್ತಾರೆ. ಒಂದಕ್ಕಿಂತ ಜಾಸ್ತಿ! ಆಗ ನಾನು ಪ್ರಶ್ನೆಯನ್ನೇ ತಿರುಗಿಸುತ್ತೇನೆ: ಐದೂ ತಪ್ಪಾಗುವುದು ಎಷ್ಟು? 3/4 ಅನ್ನು ಐದು ಸಲ ಗುಣಿಸಿದರೆ 243/1024. ಒಂದರಲ್ಲಿ ಅದನ್ನು ಕಳೆದರೆ 781/1024, ಹೆಚ್ಚುಕಡಿಮೆ ನೂರಕ್ಕೆ 76. ಐದೂ ಸರಿಯಾಗುವುದು 1/1024, ಆ ಆಸೆ ಬೇಡ.

ಎಚ್‌ಎಸ್‌ಆರ್ ಲೇಔಟ್‌ನಿಂದ:
ಗುಣಿಸೋ ಮೊದಲು ಒಂದು ಮಾತು. ಒಬ್ಬ ಆಟೋದವರು 'ಬರಲ್ಲ' ಅನ್ನುವ ಸಂಭವ 0.7 ಇರಲಿ, ಸುಮ್ನೆ ಊಹೆ. ಮೂವರೂ ಬರಲ್ಲ ಅನ್ನುವುದು 0.343, ಹಾಗಾದರೆ ಮೂರರಲ್ಲಿ ಎರಡು ದಿನ ಆಟೋ ಸಿಗಬೇಕು, ಅಲ್ವಾ? ಸಂಜೆ ಮಳೆ ಹೊಯ್ದಾಗ ಸಿಲ್ಕ್ ಬೋರ್ಡ್ ಹತ್ತಿರ ನಿಂತು ನೋಡಿ. ಮೊದಲನೆಯವರು ಯಾವ ಕಾರಣಕ್ಕೆ ಬರಲ್ಲ ಅಂದರೋ ಮೂರನೆಯವರಿಗೂ ಅದೇ ಕಾರಣ. ಅಲ್ಲಿ ಸ್ವತಂತ್ರ ಅನ್ನೋದು ಎಲ್ಲಿ ಉಳಿಯಿತು? ಹಾಗೆ ಗುಣಿಸಿ ನಾನು ಒಂದು ಮದುವೆ ಊಟ ತಪ್ಪಿಸಿಕೊಂಡಿದ್ದೇನೆ.

ಜಯನಗರದಿಂದ:
ಕವಡೆ ಹುಡುಕಿ ತೆಗೆದೆವು. ಈಗ ಅವಳದೇ ಪ್ರಶ್ನೆ: ಇಸ್ಪೀಟು ಕಟ್ಟಿನಿಂದ ಒಂದು ಎಲೆ ತೆಗೆದು, ವಾಪಸ್ ಇಡದೆ ಇನ್ನೊಂದು ತೆಗೆದರೆ, ಎರಡೂ ರಾಜ ಆಗುವುದು ಹೇಗೆ?

ವಿಜಯನಗರದಿಂದ:
ಭೇಷ್! ವಾಪಸ್ ಇಟ್ಟು ಕಲಸಿದರೆ 4/52 ಅನ್ನು 4/52 ರಿಂದಲೇ ಗುಣಿಸಿ, 1/169. ಇಡದಿದ್ದರೆ ಉಳಿದ 51 ಎಲೆಯಲ್ಲಿ ಮೂರೇ ರಾಜ. ಎರಡನೆಯದಕ್ಕೆ 3/51 ಹಾಕಿ, 1/221 ಬರುತ್ತದೆ.