ಡಿಸ್ಲೆಕ್ಸಿಯಾ: ಓದಿನ ತೊಡಕಿಗೂ ಮಿದುಳಿನ ಸಂಪರ್ಕಗಳಿಗೂ ಏನು ನಂಟು?

ಪ್ರಶ್ನೆ (ಡೊಂಬಿವಲಿಯಿಂದ): ಮನೆಯಲ್ಲಿ ಕನ್ನಡ, ನೆರೆಯವರೊಂದಿಗೆ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್ ಆಡುವ ನನ್ನ ಎಂಟು ವರ್ಷದ ಮಗಳು ಕೇಳಿದ ಕಥೆಯನ್ನು ಸೊಗಸಾಗಿ ಹೇಳುತ್ತಾಳೆ, ಅದನ್ನೇ ಓದಲು ತಡವರಿಸುತ್ತಾಳೆ. ಡಿಸ್ಲೆಕ್ಸಿಯಾ ಎಂದಿದ್ದಾರೆ. ಮೂರು ಭಾಷೆಗಳೇ ಕಾರಣವೇ? ಮಿದುಳಿನ ಸ್ಕ್ಯಾನ್ ಬೇಕೇ?

ಉತ್ತರ 1 (ಪುಣೆಯಿಂದ): ಬಹುಭಾಷೆಯಿಂದ ಡಿಸ್ಲೆಕ್ಸಿಯಾ ಬರುವುದಿಲ್ಲ, ದಯವಿಟ್ಟು ಮನೆಯಲ್ಲಿ ಕನ್ನಡ ನಿಲ್ಲಿಸಬೇಡಿ. ಓದುವಾಗ ಎಡ ಮಿದುಳಿನಲ್ಲಿ ಅಕ್ಷರಗಳ ರೂಪವನ್ನು ಗುರುತಿಸುವ ಹಿಂಭಾಗ, ಧ್ವನಿಗಳನ್ನು ಬಿಡಿಸುವ, ಕಿವಿಯ ಬಳಿಯ ಭಾಗ ಮತ್ತು ಉಚ್ಚಾರಣೆಗೆ ನೆರವಾಗುವ ಮುಂಭಾಗ ಒಟ್ಟಾಗಿ ದುಡಿಯಬೇಕಾಗುತ್ತದೆ. ಇವುಗಳನ್ನು ಬೆಸೆಯುವ ನರತಂತುಗಳಲ್ಲಿ ಆರ್ಕ್ಯುಯೇಟ್ ಫ್ಯಾಸಿಕ್ಯುಲಸ್ ಮುಖ್ಯವಾದದ್ದು. ಡಿಸ್ಲೆಕ್ಸಿಯಾ ಇರುವವರಲ್ಲಿ ಈ ಸಂಪರ್ಕ ಸರಾಸರಿಯಾಗಿ ದುರ್ಬಲವಾಗಿರುವುದನ್ನು ಅನೇಕ ಅಧ್ಯಯನಗಳು ತೋರಿಸಿವೆ. ಆದರೆ ಇದು ಗುಂಪುಗಳ ನಡುವಿನ ವ್ಯತ್ಯಾಸವಾದ್ದರಿಂದ ಒಂದು ಮಗುವಿನ ಸ್ಕ್ಯಾನ್‌ನಿಂದ ರೋಗನಿರ್ಣಯ ಸಾಧ್ಯವಿಲ್ಲ. ಓದು, ಬರಹ ಮತ್ತು ಧ್ವನಿಪ್ರಜ್ಞೆಯ (ಪದದೊಳಗಿನ ಧ್ವನಿಗಳನ್ನು ಬಿಡಿಸಿ ಗುರುತಿಸುವ ಸಾಮರ್ಥ್ಯ) ಪರೀಕ್ಷೆಗಳೇ ಆಧಾರ.

ಉತ್ತರ 2 (ಮುಲುಂಡ್‌ನ ವಿಶೇಷ ಶಿಕ್ಷಕಿ): ಈ ಸಂಪರ್ಕಗಳು ಕಲ್ಲಿನಲ್ಲಿ ಕೊರೆದವಲ್ಲ ಎಂಬುದು ನನಗೆ ಅತ್ಯಂತ ಮುಖ್ಯವೆನಿಸುತ್ತದೆ. ಓದಿನಲ್ಲಿ ಹಿಂದುಳಿದ ಎಂಟರಿಂದ ಹತ್ತು ವರ್ಷದ ಮಕ್ಕಳಿಗೆ ಸುಮಾರು 100 ಗಂಟೆಗಳ ತೀವ್ರ ಬೋಧನೆ ನೀಡಿದ ಮೇಲೆ ಮಿದುಳಿನ ಬಿಳಿ ದ್ರವ್ಯದ (ಭಾಗಗಳನ್ನು ಬೆಸೆಯುವ ನರತಂತುಗಳ) ರಚನೆ ಸುಧಾರಿಸಿದ್ದನ್ನು 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತು. ಕನ್ನಡದಲ್ಲಿ ಬರಹ ಮತ್ತು ಉಚ್ಚಾರಣೆ ಬಹುಮಟ್ಟಿಗೆ ಹೊಂದುತ್ತವೆ. ಆದರೂ ಗುಣಿತಾಕ್ಷರ, ಒತ್ತಕ್ಷರಗಳು ಸೇರಿ ಕಲಿಯಬೇಕಾದ ರೂಪಗಳು ನೂರಾರು. ಆದ್ದರಿಂದ 'ಕ'ದಿಂದ 'ಕಿ', 'ಕು'ಗಳಿಗೆ ಧ್ವನಿ ಬದಲಾಗುವುದನ್ನು ಬಾಯಲ್ಲಿ ಹೇಳಿಸಿ, ಬಳಿಕ ಬರೆಸಿ.

ಉತ್ತರ 3 (ಪಣಜಿಯಿಂದ): ಅಧಿಕೃತ ಪ್ರಮಾಣಪತ್ರವನ್ನೂ ಪಡೆಯಿರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಡಿಸ್ಲೆಕ್ಸಿಯಾ ಸೇರಿದಂತೆ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಒಳಗೊಂಡಿದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೇಳಲು ಆ ಪ್ರಮಾಣಪತ್ರ ನೆರವಾಗುತ್ತದೆ.