ಪಾಪಕ್ಕೂ ಬರ

"ಏಳು ವರ್ಷದ ಹುಡುಗನ ಹತ್ತಿರ ಎಂಥಾ ಪಾಪ ಇರುತ್ತೆ, ಹೇಳ್ರೋ?" ಡುಮ್ಮ ಶುರು ಹಚ್ಚಿಕೊಂಡ.

"ಅದನ್ನ ಹತ್ತನೇ ಪಯಸ್ ಪೋಪರನ್ನ ಕೇಳು," ಅಂದ ಉದ್ದ. "1910ರಲ್ಲಿ ಅವರೇ ತಾನೆ ಸುಮಾರು ಏಳು ವರ್ಷಕ್ಕೆ ತಿಳಿವಳಿಕೆ ಬರುತ್ತೆ, ಪಾದ್ರಿಯ ಮುಂದೆ ಪಾಪ ಒಪ್ಪಿಕೊಳ್ಳೋ ಪಾಪಸಂಕೀರ್ತನೆಗೂ, ಪೂಜೆಯಲ್ಲಿ ರೊಟ್ಟಿ ಸ್ವೀಕರಿಸೋ ಪರಮಪ್ರಸಾದಕ್ಕೂ ಅಷ್ಟು ಸಾಕು ಅಂದಿದ್ದು."

"ನಿನಗಿನ್ನೂ ಬಂದಿಲ್ಲವಲ್ಲೋ!"

ಡುಮ್ಮನ ಪ್ರಶ್ನೆ ನ್ಯಾಯವಾದದ್ದೇ. ಕಾರ್ಖಾನೆಯ ಸಾಲುಮನೆಗಳ ಮಕ್ಕಳು ನಾವು. ಪಾಪ ಮಾಡೋಣ ಅಂದರೆ ಜಾಗವೇ ಇರಲಿಲ್ಲ. ಒಂದು ಮನೆಯಲ್ಲಿ ಜೋರಾಗಿ ಸೀನಿದರೆ, ಪಕ್ಕದ ಮನೆಯಲ್ಲಿ ರಾತ್ರಿಪಾಳಿ ಮುಗಿಸಿ ಮಲಗಿದವರು ಎದ್ದು ಬೈಯುತ್ತಿದ್ದರು. ಆದರೆ ಪಾಪಸಂಕೀರ್ತನೆಯ ದಿನ ಸಿಸ್ಟರ್ ಬಿಡಬೇಕಲ್ಲ! ಬರೀ ಪಾಪ ಹೇಳಿದರೆ ಸಾಲದು, ಎಷ್ಟು ಸಲ ಅನ್ನೋ ಲೆಕ್ಕವೂ ಬೇಕು. ಹಾಗಾಗಿ ಚರ್ಚಿನ ಗೋಡೆಗೆ ಒರಗಿ ನಿಂತ ಸಾಲಿನಲ್ಲಿ ಪಾಪಗಳ ಸಾಲ ವ್ಯವಹಾರ ಪಿಸುಪಿಸು ನಡೆಯುತ್ತಿತ್ತು. "ಸುಳ್ಳು ಹೇಳಿದ್ದು ನಾನು ತಗೋತೀನಿ, ತಮ್ಮನಿಗೆ ಹೊಡೆದದ್ದು ನೀನಿಟ್ಟುಕೋ."

"ನನಗೆ ತಮ್ಮನೇ ಇಲ್ಲ ಕಣೋ," ಅಂದ ಡುಮ್ಮ. "ಆದರೂ ನಾಲ್ಕು ಸಲ ಹೊಡೆದೆ ಅಂತ ಹೇಳಿಬಿಟ್ಟೆ. ಜಾಲರಿಯ ಆಚೆಯಿಂದ ಫಾದರ್ ಮೆಲ್ಲಗೆ, 'ಯಾವ ತಮ್ಮನೋ ಮಗನೇ?' ಅಂದರು. ಯಾರು ಅಂತ ಅವರಿಗೆ ಗೊತ್ತಾಗಲ್ಲ ಅಂದಿದ್ದರಲ್ಲೋ ಸಿಸ್ಟರ್!"

"ಇವನದು ಏನೂ ಅಲ್ಲ, ನಿಂದು ಹೇಳು," ಅಂತ ನಾನು ಉದ್ದನನ್ನ ತಿವಿದೆ.

ಉದ್ದ ಓದುಗ. ದಶಾಜ್ಞೆಗಳನ್ನ ಬೈಬಲ್ಲಿನಿಂದಲೇ ನೇರ ಬಾಯಿಪಾಠ ಮಾಡಿದ್ದ. ಕೊಲೆ, ಕಳವು ತನಗೆ ಆಗೋ ಕೆಲಸವಲ್ಲ ಅನ್ನಿಸಿ, ನೆರೆಯವನ ಎತ್ತಿಗೆ, ಕತ್ತೆಗೆ ಆಸೆಪಡಬೇಡ ಅನ್ನೋ ಕಡೆಯ ಆಜ್ಞೆಗೆ ಹೋಗಿ ನಿಂತಿದ್ದ.

"'ನೆರೆಯವನ ಕತ್ತೆಗೆ ಆಸೆಪಟ್ಟೆ ಫಾದರ್, ಎರಡು ಸಲ' ಅಂದೆ. ಬಹಳ ಹೊತ್ತು ಸದ್ದೇ ಇಲ್ಲ. ಆಮೇಲೆ, 'ಈ ಕಡೆ ಕತ್ತೆ ಯಾರ ಮನೇಲಿದೆಯಪ್ಪಾ?' ಅಂದರು."

"ಪ್ರಾಯಶ್ಚಿತ್ತ?"

"ಮೂರು ಸಲ 'ನಮೋ ಮರಿಯ' ಜಪ. ಎತ್ತಿಗೂ ಸೇರಿಸಿ."

ಪಾಪಸಂಕೀರ್ತನೆಯ ಗುಟ್ಟು ಬಿಟ್ಟುಕೊಟ್ಟ ಪಾದ್ರಿಗೆ ಧರ್ಮಸಭೆಯಿಂದಲೇ ಬಹಿಷ್ಕಾರ. ಪಾಪ, ಆ ಕತ್ತೆಯ ಕತೆ ಹೊಟ್ಟೆಯಲ್ಲಿಟ್ಟುಕೊಂಡು ಆ ಮನುಷ್ಯ ಊಟಕ್ಕೆ ಹೇಗೆ ಕೂತರೋ!

ದೇವರ ಗಡಿಯಾರವೂ ಕಂಪನಿಯದೇ ಇತ್ತು ಅನ್ನಿ. ತ್ರಿಕಾಲ ಪ್ರಾರ್ಥನೆಯ ಗಂಟೆ ಬೆಳಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರಕ್ಕೆ ಹೊಡೆಯಬೇಕು. ನಮ್ಮ ಚರ್ಚಿನ ಗಂಟೆಯವನು ಹಗ್ಗ ಹಿಡಿದು ಸೈರನ್ನಿಗೆ ಕಾಯುತ್ತಿದ್ದ. ಮುಷ್ಕರ ಬಿದ್ದ ದಿನ ಮಧ್ಯಾಹ್ನವೇ ಆಗಲಿಲ್ಲ.

"ಸಂತರ ಇಲಾಖೆಗಳು ನೆನಪಿವೆಯಾ?" ಅಂದೆ. "ಪೆನ್ಸಿಲ್ ಕಳೆದರೆ ಸಂತ ಅಂತೋನಿ. ಗಂಟಲು ನೋವಿಗೆ ಸಂತ ಬ್ಲೇಸ್. ಕೈಬಿಟ್ಟ ಕೇಸುಗಳಿಗೆ ಸಂತ ಜೂಡ್."

"ಪರೀಕ್ಷೆಗೆ ಕುಪೆರ್ಟಿನೋದ ಸಂತ ಜೋಸೆಫ್!" ಡುಮ್ಮನ ಮುಖ ಅರಳಿತು. "1603ರಲ್ಲಿ ಹುಟ್ಟಿದ ಇಟಲಿಯವರು. ಓದು ತಲೆಗೇ ಹತ್ತುತ್ತಿರಲಿಲ್ಲವಂತೆ. ಸರಿಯಾಗಿ ವಿವರಿಸಲು ಬರುತ್ತಿದ್ದುದು ಬೈಬಲ್ಲಿನ ಒಂದೇ ವಚನ, ಪರೀಕ್ಷೆಯಲ್ಲಿ ಬಿಷಪ್ಪರು ಕೇಳಿದ್ದೂ ಅದನ್ನೇ! ಅದನ್ನ ಕೇಳಿ ನಾನೂ ಗಣಿತದಲ್ಲಿ ಒಂದೇ ಪಾಠ ಓದಿಕೊಂಡು ಹೋದೆ."

"ಬಂತಾ?"

"ಅದೊಂದು ಬಿಟ್ಟು ಮಿಕ್ಕಿದ್ದೆಲ್ಲಾ ಬಂತು."

"ಅವರು ಪ್ರಾರ್ಥನೆಯಲ್ಲಿ ಮೈಮರೆತು ನೆಲ ಬಿಟ್ಟು ಮೇಲೇರುತ್ತಿದ್ದರಂತೆ," ಅಂದ ಉದ್ದ. "ವಿಮಾನ ಓಡಿಸೋರಿಗೂ ಅವರೇ ಪಾಲಕ ಸಂತರು. ನಿನ್ನ ಪರೀಕ್ಷೆಯ ಹೊತ್ತಿಗೆ ಆ ಡ್ಯೂಟಿಯಲ್ಲಿದ್ದರೇನೋ."

"ನಾನೂ ಸಿಸ್ಟರಿಗೆ ಹಾಗೇ ಅಂದೆ. ಅವರು ಉತ್ತರಪತ್ರಿಕೆ ಮೇಲಿಂದ ಕೆಳಗೆ ನೋಡಿ, 'ಇದು ಜೋಸೆಫರ ಕೈ ಮೀರಿದೆ ಮಗು, ಇನ್ನು ಜೂಡರನ್ನೇ ಹಿಡಿ' ಅಂದರು."