ಆಲೆಮನೆ ಎಂಜಿನ್ ಬಿಚ್ಚಿದ್ದೀನಿ, ಕ್ರ್ಯಾಂಕ್ (ವೀಲ್ ತಿರುಗಿಸೋ ಬಾಗಿದ ದಂಡ) ಹೋಗಿದೆಯೋ ಇಲ್ವೋ ಹೆಂಗೆ ತಿಳ್ಕೊಳ್ಳೋದು?

ಮದ್ದೂರು ಆಲೆಮನೆ
ನಮ್ಮಪ್ಪ ಸಣ್ಣ ಗಾಣಕ್ಕೆ ಅಂತ ತಂದಿದ್ದ ಲಿಸ್ಟರ್ ಮಾದರಿ ಎಂಜಿನ್ನು. 6 ಹೆಚ್‌ಪಿ, 650 ಆರ್‌ಪಿಎಂ, ಎರಡು ದೊಡ್ಡ ವೀಲಿಂದು. ಹೋದ ಸೀಸನ್ ಕೊನೇಲಿ ಟಕ್ ಟಕ್ ಅಂತ ಬಡಿಯೋಕೆ ಶುರುವಾಯ್ತು. ಕಡ್ಡಿ ಎಳೆದು ನೋಡಿದ್ರೆ ಆಯಿಲ್ ಕಮ್ಮಿಯಾಗೋ ಬದಲು ಏರಿತ್ತು, ಬಣ್ಣ ಹಾಲು ಬೆರೆಸಿದ ಕಾಫಿ ಥರ. ಪೇಟೆ ಮೆಕ್ಯಾನಿಕ್ಕು ಸದ್ದು ಕೇಳಿಯೇ "ಕ್ರ್ಯಾಂಕ್ ಹೋಗಿದೆ, ಹೊಸದು ಹಾಕ್ಸಿ" ಅಂದ್ರು. ನೋಡದೆ ಅಷ್ಟು ದುಡ್ಡು ಸುರಿಯೋಕೆ ಮನಸ್ಸು ಒಪ್ತಿಲ್ಲ. ಅಪ್ಪ ಇದರ ಹ್ಯಾಂಡಲ್ ಹೊಡೆದೇ ನಮ್ಮನ್ನ ಓದಿಸಿದ್ದು. ಹೆಡ್ ಇಳಿಸಿದ್ದೀನಿ, ಗ್ಯಾಸ್ಕೆಟ್ ಸುಟ್ಟಿಲ್ಲ. ಮುಂದೆ ಎಲ್ಲಿಂದ ನೋಡ್ಲಿ?

ತುಮಕೂರಿನ ಪಂಪ್‌ಸೆಟ್ ಮೆಕ್ಯಾನಿಕ್
ಅಣ್ಣ, ಬಸಿದ ಆಯಿಲ್ ಚೆಲ್ಲಿಲ್ಲ ತಾನೆ? ಅರ್ಧ ಉತ್ತರ ಅದರಲ್ಲೇ ಇದೆ. ತಳದ ಗಸಿನ ಬಿಳಿ ಬಟ್ಟೆ ಮೇಲೆ ಹರಡಿ ಆಯಸ್ಕಾಂತ ಆಡಿಸಿ. ಅಂಟಿದ್ರೆ ಸವೆದಿರೋದು ಲೈನರ್ (ಪಿಸ್ಟನ್ ಓಡಾಡೋ ಕೊಳವೆ), ಪಿಸ್ಟನ್ ರಿಂಗು, ಇಲ್ಲಾ ಗೇರು. ಅಂಟದೆ ಹಳದಿಯಾಗಿ ಹೊಳೆದ್ರೆ ಸ್ಮಾಲ್ ಎಂಡ್ ಬುಷ್ (ರಾಡಿನ ಮೇಲ್ತುದೀಲಿ ಪಿಸ್ಟನ್ ಪಿನ್ನು ಕೂರೋ ಬಳೆ) ಕಡೆ ನೋಡಿ. ಬೆಳ್ಳಿ ಬಣ್ಣದ ಮೆತ್ತನೆ ಚೂರಾದ್ರೆ ಬಿಗ್ ಎಂಡ್ ಬೇರಿಂಗು, ಅಂದ್ರೆ ರಾಡು ಕ್ರ್ಯಾಂಕಿಗೆ ಸೇರೋ ಕಡೇದು. ವೀಲಿನ ಕೀ (ವೀಲನ್ನ ದಂಡಕ್ಕೆ ಬಿಗಿಯೋ ಬೆಣೆ) ಸಡಿಲವಾದ್ರೂ ಥೇಟ್ ಬಿಗ್ ಎಂಡ್ ಥರಾನೇ ಬಡಿಯುತ್ತೆ, ಅದನ್ನ ಮೊದಲು ನೋಡಿ. ಆಯಿಲ್ ಹಾಗೆ ಬೆಳ್ಳಗಾಗಿದ್ರೆ ನೀರು ಸೇರಿದೆ; ಎಲ್ಲಿಂದ ಅಂತ ನೋಡೋಕೆ ಕ್ರ್ಯಾಂಕ್ ಇರೋ ಚೇಂಬರ್ ಒರೆಸಿ ಒಣಗಿಸಿ, ಕೆಳಗೆ ಪೇಪರ್ ಹಾಸಿ, ಲೈನರ್ ಸುತ್ತ ನೀರು ತುಂಬಿಸಿ. ಟಾರ್ಚ್ ಹಿಡಿದು ಲೈನರ್ ಬುಡ ನೋಡ್ತಾ ಕೂತ್ಕೊಳ್ಳಿ.

ಹಾವೇರಿ ಲೇತ್‌ನವರು
ಲೈನರ್ ಎಷ್ಟು ಸವೆದೈತಿ ನೋಡಾಕ ಬೋರ್ ಗೇಜ್ (ಒಳವ್ಯಾಸ ಅಳಿಯೂ ಸಾಧನ) ಇಲ್ಲಂದ್ರೂ ನಡೀತದ್ರಿ. ಹಳೇ ರಿಂಗ್ ಒಂದನ್ನ ಒಳಗ ಇಳಿಸಿ, ಪಿಸ್ಟನ್ ತಲಿಯಿಂದ ಒತ್ತಿ ಸಪಾಟ ಕೂಡಸ್ರಿ, ರಿಂಗಿನ ಎರಡು ತುದಿ ನಡುವಿನ ಸಂದಿ ಫೀಲರ್ ಗೇಜಿಂದ (ಸಂದಿ ಅಳಿಯೂ ತೆಳು ತಗಡು) ಅಳೀರಿ. ಮ್ಯಾಲೆ ರಿಂಗ್ ಓಡಾಡೂ ಜಾಗದಾಗ ಒಮ್ಮೆ, ತಳದಾಗ ರಿಂಗ್ ಮುಟ್ಟದಲ್ಲೆ ಒಮ್ಮೆ. ಎರಡರ ವ್ಯತ್ಯಾಸ 3.14ರಿಂದ ಭಾಗಿಸಿದ್ರ ಸವೆದ ವ್ಯಾಸ ಸಿಗ್ತದ. ಕ್ರ್ಯಾಂಕ್ ಪಿನ್ನಿಗೆ (ರಾಡು ಕೂಡೂ ಜಾಗ) ಮಾತ್ರ ಮೈಕ್ರೋಮೀಟರ್ ಬೇಕಾ ಬೇಕು. ಎರಡು ಜಾಗ, ಒಂದೊಂದರಾಗ ಅಡ್ಡ ಒಮ್ಮೆ, ಉದ್ದ ಒಮ್ಮೆ.

ಮದ್ದೂರು ಆಲೆಮನೆ
ಎಲ್ಲಾ ಮಾಡ್ದೆ. ವೀಲಿನ ಕೀ ಎರಡೂ ಬಿಗಿ. ಗಸಿಯಲ್ಲಿ ಹಳದಿ ಹೊಳಪು, ಆಯಸ್ಕಾಂತಕ್ಕೆ ಬರಲೇ ಇಲ್ಲ. ರಾಡ್ ಹಿಡಿದು ಪಿಸ್ಟನ್ ಎಳೆದ್ರೆ ಪಿನ್ನು ಕಟ್ ಅಂತು, ಬುಷ್ ಅಷ್ಟು ಸವೆದಿದೆ. ರಿಂಗಿನ ಸಂದಿ ಮೇಲೆ 1.50, ತಳದಲ್ಲಿ 0.70 ಮಿಮೀ. ಅಂದ್ರೆ ಲೈನರ್ ಸುಮಾರು 0.25 ಸವೆದಿದೆ. ಕ್ರ್ಯಾಂಕ್ ಪಿನ್ನು ನಾಲ್ಕೂ ಅಳತೆಲಿ 0.02 ಮಿಮೀ ವ್ಯತ್ಯಾಸದ ಒಳಗೇ ಬಂತು, ಅಂದ್ರೆ ಕ್ರ್ಯಾಂಕ್ ಹೋಗಿಲ್ಲ. ಅಳತೆ ಬರ್ಕೊಳ್ಳುವಾಗ ಕಣ್ಣು ತುಂಬ್ತು ಅಣ್ಣ.
ನೀರು ನಲವತ್ತು ನಿಮಿಷಕ್ಕೆ ಲೈನರ್ ಬುಡದಿಂದ ತೊಟ್ಟಿಕ್ತು. ಲೈನರ್ ಎಳೆದೆ. ಬುಡದಲ್ಲಿ ನೀರು ತಡೆಯೋ ರಬ್ಬರ್ ರಿಂಗ್ ಕಲ್ಲಾಗಿದೆ, ಅದು ಕೂರೋ ಜಾಗದಲ್ಲಿ ಲೈನರ್ ಮೇಲೆ ತುಕ್ಕಿನ ಗುಳಿಗಳಿವೆ. ಹೊಸ ರಬ್ಬರ್ ಸಾಕಾ?

ತುಮಕೂರಿನ ಪಂಪ್‌ಸೆಟ್ ಮೆಕ್ಯಾನಿಕ್
ಸಾಲ್ದು ಅಣ್ಣ. ರಬ್ಬರ್ ಹೊಸದಾದ್ರೂ ನೀರು ಆ ಗುಳಿಗಳಲ್ಲೇ ಇಳಿಯುತ್ತೆ. ಹೇಗೂ ಸವೆದಿದೆ, ಲೈನರೇ ಬದಲಾಯಿಸಿ. ಅದಕ್ಕೆ ಮುಂಚೆ ಬ್ಲಾಕಿನೊಳಗೆ ಸೀಮೆಎಣ್ಣೆ ಸವರಿ, ಚೆನ್ನಾಗಿ ಒರೆಸಿ, ಚಾಕ್‌ಪೀಸ್ ಪುಡಿ ಉದುರಿಸಿ ನೋಡಿ. ಬಿರುಕಿದ್ರೆ ಪುಡಿ ಮೇಲೆ ಒದ್ದೆ ಗೆರೆ ಮೂಡುತ್ತೆ. ರಾಡಿಗೆ ಹೊಸ ಬುಷ್ ಒತ್ತಿಸುವಾಗ ಆಯಿಲ್ ತೂತು ರಾಡಿನ ತೂತಿಗೆ ಸರಿಯಾಗಿ ಕೂತಿದೆಯಾ ನೀವೇ ನಿಂತು ನೋಡಿ.